ಪಕ್ಷದ ಅಳತೆಗೆ ಹೊಲಿದ ದೇಶ

ಕೋಲ್ಕತ್ತದ ಸೆಕ್ಟರ್ ಫೈವ್‌ನಿಂದ ಪೆಟ್ರಾಪೋಲ್ ರಸ್ತೆ ಹಿಡಿದರೆ ಬಾಂಗ್ಲಾದೇಶದ ಗಡಿ 80 ಕಿಲೋಮೀಟರಿನ ಆಸುಪಾಸು. ಬೆಂಗಳೂರಿನಿಂದ ಮದ್ದೂರಿಗೆ ಹೋಗಿ ವಡೆ ತಿನ್ನುವಷ್ಟು ದೂರ. ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸದರಲ್ಲಿ ಈ ದೂರದ ಬಗ್ಗೆ ನಾನು ಯೋಚಿಸಿದವನೇ ಅಲ್ಲ. ಇದೇ ದೂರವನ್ನು ಮುಂದಿಟ್ಟುಕೊಂಡು ಎರಡು ಸರ್ಕಾರಗಳು ವರ್ಷಗಟ್ಟಲೆ ಜಗಳವಾಡಿದ್ದವು ಎಂದು ಆಮೇಲೆ ತಿಳಿಯಿತು.

ಸೆಕ್ಟರ್ ಫೈವ್ ಇರುವ ಉಪನಗರ ಸಾಲ್ಟ್ ಲೇಕ್ ಹುಟ್ಟಿದ್ದು ಜೌಗಿನಲ್ಲಿ. ವಿಧಾನಚಂದ್ರ ರಾಯ್ ಮುಖ್ಯಮಂತ್ರಿಯಾಗಿದ್ದಾಗ, 1962ರಲ್ಲಿ, ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ತಂದು ಉಪ್ಪುನೀರಿನ ಜೌಗಿಗೆ ತುಂಬುವ ಕೆಲಸ ಶುರುವಾಯಿತು. ನಕ್ಷೆ ಹಾಕಿದವರು ಯುಗೋಸ್ಲಾವಿಯದ ಡೊಬ್ರಿವೊಯೆ ಟೊಶ್ಕೊವಿಚ್. 1977ರಲ್ಲಿ ಅಧಿಕಾರಕ್ಕೆ ಬಂದ ಎಡರಂಗ ಸರ್ಕಾರ ಈ ಉಪನಗರದ ಅಂಚಿನಲ್ಲಿ, ಈಗಿನ ಸೆಕ್ಟರ್ ಫೈವ್‌ನಲ್ಲಿ, ಎಲೆಕ್ಟ್ರಾನಿಕ್ಸ್ ಸಂಕೀರ್ಣ ಕಟ್ಟಲು ಹೊರಟಿತು. ದೆಹಲಿ ಅಡ್ಡ ಬಂತು. ಪಶ್ಚಿಮ ಬಂಗಾಳ ಗಡಿರಾಜ್ಯ, ಇಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮ ಬೆಳೆಸುವುದು ದೇಶದ ಭದ್ರತೆಗೆ ಒಳ್ಳೆಯದಲ್ಲ ಎಂಬ ಕಾರಣ ಕೊಟ್ಟರು ಎಂದು ಎಡರಂಗದ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಅವರ ಪಕ್ಷದವರು ದಶಕಗಳ ಕಾಲ ಹೇಳುತ್ತಲೇ ಬಂದರು. ಬೇರೆ ಗಡಿರಾಜ್ಯಗಳಿಗಿಲ್ಲದ ಅಡ್ಡಿ ನಮಗೇಕೆ ಎನ್ನುವುದು ಅವರ ಪ್ರಶ್ನೆ. ಬಂಗಾಳದ ಕಾಂಗ್ರೆಸ್ಸಿಗರ ಉತ್ತರ ಬೇರೆಯೇ ಇತ್ತು: ಘೇರಾವೋ, ಕೆಂಬಾವುಟಗಳಿಗೆ ಹೆದರಿ ಕಾರ್ಖಾನೆಗಳು ಓಡಿಹೋಗುತ್ತಿವೆ, ದೆಹಲಿಯನ್ನು ಯಾಕೆ ದೂರುತ್ತೀರಿ?

ಈ ಜಗಳದಲ್ಲಿ ನನ್ನ ಗಮನ ಸೆಳೆದದ್ದು ಒಂದು ಪದ. ಎರಡೂ ಕಡೆಯವರು ‘ದೇಶದ ಹಿತ’ ಎಂದರೇ ಹೊರತು ‘ನಮ್ಮ ಪಕ್ಷದ ಹಿತ’ ಎಂದು ಯಾರೂ ಬಾಯಿಬಿಡಲಿಲ್ಲ. ಬಾಯಲ್ಲಿ ದೇಶ, ಮನಸ್ಸಲ್ಲಿ ಪಕ್ಷ, ಎಲ್ಲರೂ ಬೂಟಾಟಿಕೆಯವರೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕಳೆದ ಎಪ್ಪತ್ತು ವರ್ಷಗಳ ಮನೋವಿಜ್ಞಾನ ಹೇಳುವುದು ಅದಕ್ಕಿಂತ ಇರಿಸುಮುರಿಸಿನ ಸಂಗತಿ. ಅವರಲ್ಲಿ ಬಹುಪಾಲು ಜನ ಸುಳ್ಳು ಹೇಳುತ್ತಿರುವುದಿಲ್ಲ. ಪಕ್ಷ ಮುಗಿದು ದೇಶ ಶುರುವಾಗುವ ಜಾಗದ ಹೊಲಿಗೆ ಅವರ ಕಣ್ಣಿಗೆ ನಿಜಕ್ಕೂ ಬೀಳುವುದಿಲ್ಲ.

ಈ ಕಥೆಯಲ್ಲಿ ಕನ್ನಡಿಗರಿಗೂ ಪಾಲುಂಟು. 1940ರಲ್ಲಿ ಎಚ್‌ಎಎಲ್‌ನ ಮೊದಲ ರೂಪ, 1948ರಲ್ಲಿ ಐಟಿಐ, 1954ರಲ್ಲಿ ಜಾಲಹಳ್ಳಿಯ ಬಿಇಎಲ್ ಬೆಂಗಳೂರಿಗೆ ಬಂದವು. ಬೆಂಗಳೂರಿನ ಪರವಾಗಿ ಹೇಳುವ ಕಾರಣಗಳಲ್ಲಿ ಗಡಿಯಿಂದಲೂ ಕರಾವಳಿಯಿಂದಲೂ ದೂರ ಎಂಬುದೂ ಒಂದು. ಆ ಅಡಿಪಾಯದ ಮೇಲೆ 1976ರಲ್ಲಿ ಕಿಯೋನಿಕ್ಸ್ ಹುಟ್ಟಿತು. ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ‘ಗಡಿಯಿಂದ ದೂರ’ ಎಂಬ ಮಾತಿನಲ್ಲಿ ರಾಜಕೀಯವಿದೆ ಎಂದು ಬೆಂಗಳೂರಿನಲ್ಲಿ ಯಾರಿಗೂ ಅನ್ನಿಸಿರಲಾರದು. ನನಗೂ ಅನ್ನಿಸಿರಲಿಲ್ಲ. ನಮಗೆ ಅನುಕೂಲವಾದ ವಾದ ನಮಗೆ ವಾದದಂತೆ ಕಾಣುವುದಿಲ್ಲ, ಬರೀ ವಿವೇಕದ ಮಾತಿನಂತೆ ಕಾಣುತ್ತದೆ.

ಮತ್ತೆ ಕೋಲ್ಕತ್ತಕ್ಕೆ ಬರೋಣ. ಸೆಕ್ಟರ್ ಫೈವ್‌ನಿಂದ ಮೆಟ್ರೊ ಹತ್ತಿದರೆ ಕರುಣಾಮಯಿ, ಸೆಂಟ್ರಲ್ ಪಾರ್ಕ್, ಸಿಟಿ ಸೆಂಟರ್, ಬೆಂಗಾಲ್ ಕೆಮಿಕಲ್ ದಾಟಿ ಸಾಲ್ಟ್ ಲೇಕ್ ಸ್ಟೇಡಿಯಂ ನಿಲ್ದಾಣ. 2020ರ ಫೆಬ್ರುವರಿಯಲ್ಲಿ ಈ ಹಾದಿ ಮೊದಲು ತೆರೆದುಕೊಂಡಾಗ ಇದ್ದದ್ದು ಇಷ್ಟೇ ನಿಲ್ದಾಣಗಳು. (ಈ ಮೆಟ್ರೊ ಯಾರ ಕೊಡುಗೆ ಎಂಬ ಜಗಳ ಇನ್ನೂ ನಿಂತಿಲ್ಲ. ಹೌರಾ ಮೈದಾನದವರೆಗಿನ ಇಡೀ ಹಾದಿಗೆ 2025ರ ಆಗಸ್ಟ್‌ನಲ್ಲಿ ಪ್ರಧಾನಿ ಹಸಿರು ನಿಶಾನೆ ತೋರಿದ ದಿನ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅಲ್ಲಿರಲಿಲ್ಲ. ತಾವು ರೈಲ್ವೆ ಸಚಿವೆಯಾಗಿದ್ದಾಗಿನ ಯೋಜನೆಗಳನ್ನು ಅವರು ಬರಹದಲ್ಲಿ ನೆನಪಿಸಿದರು.) ಆ ಕ್ರೀಡಾಂಗಣದಲ್ಲಿ 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್ ನಡೆಯಿತು. ಮೋಹನ್ ಬಗಾನ್‌ಗೂ ಈಸ್ಟ್ ಬೆಂಗಾಲ್‌ಗೂ ಪಂದ್ಯ. ಸೇರಿದ್ದವರು 1,31,000ಕ್ಕೂ ಹೆಚ್ಚು ಮಂದಿ. ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಆ ಸಂಜೆ ಮೈದಾನದಲ್ಲಿ ನಡೆದದ್ದು ಒಂದೇ ಪಂದ್ಯ ಎಂದು ನಂಬುವವರು ಕೋಲ್ಕತ್ತದಲ್ಲಿ ಸಿಗುವುದು ಕಷ್ಟ.

ಇದನ್ನು ಅಳೆದು ನೋಡಿದ ಪ್ರಯೋಗವೊಂದಿದೆ. ಅಮೆರಿಕದಲ್ಲಿ 1951ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಡಾರ್ಟ್‌ಮತ್ ಕಾಲೇಜಿನ ನಡುವೆ ಒರಟಾದೊಂದು ಫುಟ್‌ಬಾಲ್ ಪಂದ್ಯ ನಡೆಯಿತು, ಅಲ್ಲಿನ ಬಗೆಯ ಫುಟ್‌ಬಾಲ್. ಒಂದು ಕಡೆ ಮೂಗು ಮುರಿಯಿತು, ಇನ್ನೊಂದು ಕಡೆ ಕಾಲು. ಆಲ್ಬರ್ಟ್ ಹಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿಗಳು ಪಂದ್ಯದ ಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಎಸಗಿದ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್ ಹುಡುಗರಿಗೆ ಕಂಡವು. ಚಿತ್ರದ ರೀಲು ಒಂದೇ. 1954ರಲ್ಲಿ ಇದನ್ನು ಪ್ರಕಟಿಸುವಾಗ ಆ ಇಬ್ಬರೂ ಒಂದು ಹೆಜ್ಜೆ ಮುಂದೆ ಹೋದರು: ಒಂದೇ ಪಂದ್ಯಕ್ಕೆ ಎರಡು ಅಭಿಪ್ರಾಯಗಳಿದ್ದವು ಅನ್ನುವುದು ಸಾಲದು, ನೋಡುವವರ ಪಾಲಿಗೆ ಪಂದ್ಯಗಳೇ ಎರಡಿದ್ದವು.

ಇಲ್ಲಿ ಕಾಮಾಲೆ ಕಣ್ಣಿನ ಗಾದೆ ನೆನಪಾಗುವುದು ಸಹಜ. ಅದನ್ನು ನಾನು ಬಳಸಲಾರೆ. ಕಾಮಾಲೆಯಾದವನ ಕಣ್ಣು ಹಳದಿಯಾಗುವುದು ನಿಜ, ಆದರೆ ಅವನಿಗೆ ಲೋಕ ಹಳದಿಯಾಗೇನೂ ಕಾಣುವುದಿಲ್ಲ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಇನ್ನೂ ಹತ್ತಿರದ ಮಾತು. ಅಲ್ಲಿ ಕಣ್ಣು ಸರಿಯಾಗಿಯೇ ಇರುತ್ತದೆ.

ಫುಟ್‌ಬಾಲ್ ಪ್ರೇಮಿ ಮಾತ್ರ ತನ್ನ ತಂಡವೇ ಬಂಗಾಳ ಎನ್ನುವುದಿಲ್ಲ. ಪಕ್ಷನಿಷ್ಠನಿಗೆ ಅಷ್ಟು ಸಾಲದು, ಅವನಿಗೆ ದೇಶವೇ ಬೇಕು. ಈ ಜಿಗಿತ ಎಲ್ಲಿಂದ ಬರುತ್ತದೆ? ಜರ್ಮನಿಯ ಮನೋವಿಜ್ಞಾನಿಗಳಾದ ಅಮೇಲಿ ಮುಮ್ಮೆಂಡೈ ಮತ್ತು ಮಿಖಾಯೆಲ್ ವೆಂಟ್ಸೆಲ್ 1999ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ‘ಸ್ವಗುಂಪಿನ ಪ್ರಕ್ಷೇಪ’ ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ನಾವು ಸೇರಿರುವ ಚಿಕ್ಕ ಗುಂಪೂ ಎದುರು ಗುಂಪೂ ಒಂದು ದೊಡ್ಡ ಗುಂಪಿನೊಳಗಿರುತ್ತವೆ. ಆ ದೊಡ್ಡ ಗುಂಪಿಗೆ ತನ್ನದೇ ಆದ ಮುಖ ಇಲ್ಲವಾದ್ದರಿಂದ ಅದರ ಮಾದರಿ ಸದಸ್ಯ ಹೇಗಿರಬೇಕು ಎಂದು ಊಹಿಸಲು ಹೊರಟ ಮನಸ್ಸು ಕೈಗೆಟುಕಿದ ಮುಖವನ್ನು, ಅಂದರೆ ತನ್ನವರ ಮುಖವನ್ನು, ಅಲ್ಲಿ ಅಂಟಿಸುತ್ತದೆ. ಅಂಟಿಸಿದ್ದು ಮರೆತೂಹೋಗುತ್ತದೆ. ಆಮೇಲೆ ಎದುರು ಗುಂಪಿನವನು ಬರೀ ಬೇರೆಯವನಲ್ಲ, ಮಾದರಿಗೆ ಹೊಂದದವನು, ಅರೆಕೊರೆಯವನು. ಅವನು ಬೇರೆ ಪಕ್ಷದವನು ಎನ್ನುವಲ್ಲಿಂದ ಅವನು ದೇಶದ್ರೋಹಿ ಎನ್ನುವವರೆಗಿನ ಹಾದಿ ಹೀಗೆ ತೀರಾ ಚಿಕ್ಕದಾಗುತ್ತದೆ.

ಅವರ ಸಂಗಡಿಗರು ಇದನ್ನು ಪರೀಕ್ಷಿಸಿದ ಗುಂಪುಗಳು ಸ್ವಾರಸ್ಯವಾಗಿವೆ: ಬೇರೆ ಬೇರೆ ಬಗೆಯ ಮೋಟಾರ್‌ಸೈಕಲ್ ಪ್ರೇಮಿಗಳು, ಬೇರೆ ಬೇರೆ ಹಂತದ ಶಾಲೆಗಳ ಮೇಷ್ಟ್ರುಗಳು, ಪೂರ್ವ–ಪಶ್ಚಿಮ ಜರ್ಮನರು. ‘ನಿಜವಾದ ಬೈಕ್ ಸವಾರ’ನ ಚಿತ್ರ ಯಾವ ಬೈಕಿನವನನ್ನು ಕೇಳುತ್ತೀರಿ ಎಂಬುದರ ಮೇಲೆ ಬದಲಾಗುತ್ತಿತ್ತು.

ನಮಗೆ ಜರ್ಮನಿಯವರೆಗೆ ಹೋಗುವ ಅಗತ್ಯವೇನೂ ಇಲ್ಲ. ಸೆಕ್ಟರ್ ಫೈವ್‌ನ ಕಾಲೇಜ್ ಮೋಡ್ ಬಳಿ ನಾವು ನಾಲ್ಕೈದು ಕನ್ನಡಿಗರು ಸಂಜೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಧಾರವಾಡದವರೊಬ್ಬರು, ಕುಂದಾಪುರದವರೊಬ್ಬರು, ಕಾಸರಗೋಡಿನವರೊಬ್ಬರು, ಮೈಸೂರಿನ ಕಡೆಯ ನಾನು. ಅಚ್ಚ ಕನ್ನಡ ಯಾವುದು ಎಂಬ ಪ್ರಶ್ನೆ ಎದ್ದ ದಿನ ಚಹಾ ಆರಿಹೋಗುತ್ತಿತ್ತು. ಧಾರವಾಡದವರಿಗೆ ಗಟ್ಟಿತನ ಕನ್ನಡದ ಜೀವ. ಕಾಸರಗೋಡಿನವರಿಗೆ, ಸುತ್ತ ಮಲಯಾಳಂ ಇದ್ದೂ ಉಳಿಸಿಕೊಂಡದ್ದೇ ಅಸಲಿ ಕನ್ನಡ. ಉಳಿಸಿಕೊಳ್ಳುವ ಕಷ್ಟವೇ ಗೊತ್ತಿಲ್ಲದವರಿಗೆ ಏನು ಹೇಳುವುದು? ಕುಂದಾಪುರದವರು ಇಬ್ಬರನ್ನೂ ನೋಡಿ ನಗುತ್ತಿದ್ದರು. ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಪಠ್ಯಪುಸ್ತಕದ ಕನ್ನಡ ನಮ್ಮ ಕಡೆಯದೇ ಅಲ್ಲವೇ ಎಂಬ ಸಮಾಧಾನ ಒಳಗಿತ್ತು. ಪಕ್ಕದ ಬೆಂಚಿನ ಬಂಗಾಳಿ ಸಹೋದ್ಯೋಗಿಗಳು ಹಿಲ್ಸಾ ಮೀನು ದೊಡ್ಡದೋ ಸಿಗಡಿ ದೊಡ್ಡದೋ ಎಂದು ಇದೇ ಜಗಳವನ್ನು ತಮ್ಮ ಭಾಷೆಯಲ್ಲಿ ಆಡುತ್ತಿದ್ದರು. ಪೂರ್ವ ಬಂಗಾಳದ ಮೂಲದವರಿಗೆ ಹಿಲ್ಸಾ, ಪಶ್ಚಿಮದವರಿಗೆ ಸಿಗಡಿ. ‘ನಿಜವಾದ ಬಂಗಾಳಿ’ಯ ತಟ್ಟೆಯಲ್ಲಿ ಎರಡಕ್ಕೂ ಒಟ್ಟಿಗೆ ಜಾಗವಿರಲಿಲ್ಲ.

ಪ್ರಕ್ಷೇಪದ ಈ ವಿವರಣೆ ಸರಿಯಾಗಿದ್ದರೆ ಅದರಿಂದ ಒಂದು ವಿಚಿತ್ರ ತೀರ್ಮಾನ ಹೊರಡುತ್ತದೆ. ಪಕ್ಷದ ನಿಲುವು ತಿರುಗಿಬಿದ್ದರೆ ದೇಶಹಿತವೂ ಅದರ ಜೊತೆ ತಿರುಗಬೇಕು, ಯಾರಿಗೂ ಮುಜುಗರವಾಗಬಾರದು. ಇದನ್ನು ಪರೀಕ್ಷಿಸಲು ಸೆಕ್ಟರ್ ಫೈವ್‌ಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು.

ಮೊದಲು ಕಂಪ್ಯೂಟರಿನ ಕಥೆ. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್, ಎಚ್‌ಇಸಿ-2ಎಂ, 1956ರಲ್ಲಿ ಕೆಲಸ ಶುರುಮಾಡಿದ್ದು ಇದೇ ನಗರದಲ್ಲಿ, ಪ್ರಶಾಂತಚಂದ್ರ ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ. ಆಗ ಅದು ರಾಷ್ಟ್ರದ ಹೆಮ್ಮೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಜೀವವಿಮಾ ನಿಗಮ ಕಲ್ಕತ್ತೆಯ ಇಲಾಕೊ ಹೌಸ್‌ಗೆ ಕಂಪ್ಯೂಟರ್ ತರಲು ಹೊರಟಿತು. ಒಳಗೆ ಬಿಡೆವೆಂದು ನೌಕರರು ಹಗಲುರಾತ್ರಿ ಕಾವಲು ಕೂತರು. ಈಗ ಅದು ಜನರ ಅನ್ನ ಕಸಿಯುವ ಯಂತ್ರ, ‘ಚೋಲ್ಬೇ ನಾ’, ನಡೆಯೋದಿಲ್ಲ. ನೌಕರರ ಭಯ ಹುಸಿಯಲ್ಲ, ಉದ್ಯೋಗದ ಪ್ರಶ್ನೆ ನಿಜವಾದದ್ದೇ ಎಂಬುದನ್ನೂ ಹೇಳಬೇಕು. 2000ರ ನಂತರ ಬುದ್ಧದೇವ್ ಭಟ್ಟಾಚಾರ್ಯರ ಎಡರಂಗ ಸರ್ಕಾರಕ್ಕೆ ಅದೇ ಯಂತ್ರ ಬಂಗಾಳದ ಭವಿಷ್ಯವಾಯಿತು. ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದವು. ನಿಲುವು ಬದಲಾಗುವುದು ತಪ್ಪಲ್ಲ, ಕಾಲ ಬದಲಾಗಿತ್ತು. ನಾನು ಗಮನಿಸುವುದು ಇಷ್ಟೇ: ‘ನಮ್ಮ ಪಕ್ಷ ನಿಲುವು ಬದಲಿಸಿತು’ ಎಂಬಂತೆ ಅದು ಯಾರಿಗೂ ಕಾಣಲಿಲ್ಲ, ಜನಹಿತ ತಾನಾಗಿ ಜಾಗ ಬದಲಿಸಿದಂತೆ ಕಂಡಿತು.

ಬಂದ್‌ನ ಕಥೆ ಇನ್ನೂ ಸ್ಪಷ್ಟ. 2008ರ ಆಗಸ್ಟ್‌ನಲ್ಲಿ ಉದ್ಯಮಿಗಳ ಸಭೆಯೊಂದರಲ್ಲಿ ಬುದ್ಧದೇವ್, ತಾವು ವೈಯಕ್ತಿಕವಾಗಿ ಬಂದ್‌ಗೆ ವಿರೋಧಿ, ದುರದೃಷ್ಟಕ್ಕೆ ತಮ್ಮ ಪಕ್ಷ ಬಂದ್ ಕರೆಯುತ್ತದೆ ಎಂದುಬಿಟ್ಟರು. ಹೊಲಿಗೆ ಒಂದು ಕ್ಷಣ ಬಿಚ್ಚಿ ಕಂಡಿತು. ಪಕ್ಷ ಕೂಡಲೇ ಮುಖ ಗಂಟಿಕ್ಕಿತು. ಆ ಹೊತ್ತಿಗೆ ಮಮತಾ ಬ್ಯಾನರ್ಜಿ ಕಾರ್ಖಾನೆಗೆಂದು ರೈತರ ಜಮೀನು ಪಡೆದದ್ದರ ವಿರುದ್ಧ ಸಿಂಗೂರಿನಲ್ಲಿ ಧರಣಿ ಕೂತಿದ್ದರು. ಅದೇ ಸಿಂಗೂರಿಗಾಗಿ 2006ರ ಕೊನೆಯಲ್ಲಿ ಅವರ ತೃಣಮೂಲ ಕಾಂಗ್ರೆಸ್ ಬಂದ್‌ಗಳನ್ನು ಕರೆದಿತ್ತು, ಜನರಿಗಾಗಿ. 2011ರಲ್ಲಿ ಅವರು ಮುಖ್ಯಮಂತ್ರಿಯಾದರು. ಮರುವರ್ಷ ಕಾರ್ಮಿಕ ಸಂಘಗಳು ಮುಷ್ಕರಕ್ಕೆ ಕರೆಕೊಟ್ಟಾಗ, ಕೆಲಸಕ್ಕೆ ಬಾರದ ಸರ್ಕಾರಿ ನೌಕರರ ಸಂಬಳ ಕಡಿತವಾಗುತ್ತದೆ ಎಂದು ಅವರ ಸರ್ಕಾರ ಸಾರಿತು. ಅದೂ ಜನರಿಗಾಗಿಯೇ. 2024ರ ಆಗಸ್ಟ್ 28ರಂದು ಬಂಗಾಳದಲ್ಲಿ ಹನ್ನೆರಡು ಗಂಟೆಗಳ ಬಂದ್ ಕರೆದದ್ದು ಬಿಜೆಪಿ. ದೆಹಲಿಯಲ್ಲಿ ಅಧಿಕಾರದಲ್ಲಿದ್ದುಕೊಂಡು ಬೇರೆಯವರ ಭಾರತ್ ಬಂದ್‌ಗಳಿಂದ ದೇಶಕ್ಕೆ ನಷ್ಟ ಎನ್ನುವ ಪಕ್ಷವೂ ಅದೇ. ಕಾವೇರಿಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡನ್ನೂ ಕಂಡ ನಾವು ಬಂಗಾಳಿಗಳನ್ನು ನೋಡಿ ನಗುವಂತಿಲ್ಲ.

ಇಂಥ ತಿರುವುಗಳು ಬೆಂಬಲಿಗರ ಗಂಟಲಿಗೆ ಯಾಕೆ ಸಿಕ್ಕಿಕೊಳ್ಳುವುದಿಲ್ಲ? ಮನೋವಿಜ್ಞಾನಿ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಉತ್ತರದ ಒಂದು ತುಂಡಿದೆ. ಬಡವರಿಗೆ ನೆರವು ನೀಡುವ ಎರಡು ಯೋಜನೆಗಳು, ಒಂದು ತೀರಾ ಉದಾರ, ಇನ್ನೊಂದು ತೀರಾ ಬಿಗಿ. ಅಮೆರಿಕದ ವಿದ್ಯಾರ್ಥಿಗಳು ಓದಿದರು. ಯಾವ ಪಕ್ಷದ ಬೆಂಬಲ ಇದಕ್ಕಿದೆ ಎಂದು ಹೇಳದಿದ್ದಾಗ ಉದಾರವಾದಿಗಳು ಉದಾರ ಯೋಜನೆಯನ್ನೂ ಸಂಪ್ರದಾಯವಾದಿಗಳು ಬಿಗಿಯಾದದ್ದನ್ನೂ ಮೆಚ್ಚಿದರು. ‘ಇದು ನಿಮ್ಮ ಪಕ್ಷದ್ದು’ ಎಂದಾಗ ಯೋಜನೆಯೊಳಗೆ ಏನಿದೆ ಎಂಬುದು ಲೆಕ್ಕಕ್ಕೇ ಬರಲಿಲ್ಲ, ಚೀಟಿ ನೋಡಿ ಕೈಯೆತ್ತಿದರು. ಕೇಳಿದರೆ, ಯೋಜನೆಯ ವಿವರ ಓದಿ ನಿರ್ಧರಿಸಿದೆ ಎಂದರು. ಎದುರು ಪಕ್ಷದವರು ಮಾತ್ರ ಚೀಟಿ ನೋಡಿಯೇ ತೀರ್ಮಾನಿಸುತ್ತಾರೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಇನ್ನೊಬ್ಬ ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಈ ಮನೋಯಂತ್ರವನ್ನು ಎರಡು ಪ್ರಶ್ನೆಗಳಲ್ಲಿ ಹಿಡಿದಿದ್ದಾರೆ. ನಮಗೆ ಬೇಕಾದ ಮಾತು ಕಿವಿಗೆ ಬಿದ್ದಾಗ ‘ಇದನ್ನು ನಂಬಬಹುದೇ?’ ಎಂದು ಕೇಳಿಕೊಳ್ಳುತ್ತೇವೆ. ಬೇಡದ ಮಾತಾದರೆ ‘ಇದನ್ನು ನಂಬಲೇಬೇಕೇ?’ ಎಂದು. ಮೊದಲನೆಯದಕ್ಕೆ ಒಂದು ಸಾಕ್ಷಿ ಸಾಕು. ಎರಡನೆಯದರಿಂದ ತಪ್ಪಿಸಿಕೊಳ್ಳಲು ಒಂದು ಕಂಡಿ ಸಾಕು. ಎರಡೂ ಸಲ ನಾವು ಮಾಡುವುದು ವಿಚಾರವೇ, ಅದಕ್ಕೇ ನಮ್ಮ ಮೇಲೆ ನಮಗೆ ಅನುಮಾನ ಹುಟ್ಟುವುದಿಲ್ಲ.

ಹಾಗಾದರೆ ಚೆನ್ನಾಗಿ ವಿಚಾರ ಮಾಡಬಲ್ಲವರು, ಲೆಕ್ಕ ಬಲ್ಲವರು? ಸೆಕ್ಟರ್ ಫೈವ್‌ನ ತುಂಬ ಅಂಥವರೇ. ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಸಂಗಡಿಗರು 2013ರಲ್ಲಿ ಒಡ್ಡಿದ ಲೆಕ್ಕವನ್ನು ಓದುಗರೂ ಮಾಡಿ ನೋಡಬಹುದು. ಚರ್ಮದ ಗುಳ್ಳೆಗೆ ಹೊಸ ಮುಲಾಮು. ಹಚ್ಚಿಕೊಂಡವರಲ್ಲಿ 223 ಮಂದಿಗೆ ಗುಣವಾಯಿತು, 75 ಮಂದಿಗೆ ಹೆಚ್ಚಾಯಿತು. ಹಚ್ಚಿಕೊಳ್ಳದವರಲ್ಲಿ 107 ಮಂದಿಗೆ ಗುಣ, 21 ಮಂದಿಗೆ ಹೆಚ್ಚು. ಮುಲಾಮು ಕೆಲಸ ಮಾಡಿತೇ? 223 ಎಂಬ ದೊಡ್ಡ ಸಂಖ್ಯೆ ನೋಡಿ ಹೌದೆನ್ನಿಸುತ್ತದೆ. ಪ್ರಮಾಣ ತೆಗೆದರೆ ಹಚ್ಚಿಕೊಂಡವರಲ್ಲಿ ಗುಣವಾದವರು ಮೂವರಿಗೆ ಹೆಚ್ಚಾದವನು ಒಬ್ಬ. ಹಚ್ಚಿಕೊಳ್ಳದವರಲ್ಲಿ ಐವರಿಗೆ ಒಬ್ಬ. ಅಂದರೆ ಮುಲಾಮು ಇಲ್ಲದಿದ್ದರೇ ಚೆಂದ. ಹೆಚ್ಚಿನವರು ಇಲ್ಲಿ ತಪ್ಪಿದರು, ಲೆಕ್ಕ ಬಲ್ಲವರು ಸರಿಯುತ್ತರ ಹಿಡಿದರು. ಆಮೇಲೆ ಅವೇ ನಾಲ್ಕು ಅಂಕಿಗಳ ಮೇಲೆ ಬೇರೆ ಹೆಸರು: ಬಂದೂಕು ಒಯ್ಯುವುದನ್ನು ನಿಷೇಧಿಸಿದ ನಗರಗಳಲ್ಲಿ ಅಪರಾಧ ಇಳಿಯಿತೋ ಏರಿತೋ? ಈಗ ಲೆಕ್ಕ ಬಲ್ಲವರ ಜಾಣತನ ಎಚ್ಚರಗೊಂಡದ್ದು ಮೊದಲ ನೋಟದ ಉತ್ತರ ತಮ್ಮ ಪಕ್ಷಕ್ಕೆ ಒಗ್ಗದಿದ್ದಾಗ ಮಾತ್ರ. ಒಗ್ಗಿದಾಗ ಅವರೂ ದೊಡ್ಡ ಸಂಖ್ಯೆ ನೋಡಿ ತೃಪ್ತರಾದರು. ಎರಡು ಪಕ್ಷಗಳ ನಡುವಿನ ಬಿರುಕು ಜಾಣರಲ್ಲೇ ಹೆಚ್ಚು ಅಗಲವಾಗಿತ್ತು. ಮುಂದಿನ ಮರುಪ್ರಯೋಗಗಳಲ್ಲಿ ಈ ಪರಿಣಾಮ ಎಲ್ಲೆಡೆ ಇಷ್ಟೇ ಬಲವಾಗಿ ಕಂಡಿಲ್ಲ ಎಂಬುದನ್ನು ಮುಚ್ಚಿಡಬಾರದು. ಓದಿನಿಂದ ಪಕ್ಷಪಾತ ಕರಗುತ್ತದೆ ಎಂಬ ನಂಬಿಕೆಗಂತೂ ಅವುಗಳಲ್ಲೂ ಬೆಂಬಲವಿಲ್ಲ.

ಭಾರತದ ಸಾಕ್ಷ್ಯವೂ ಇದೆ. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ ಮನೆಮನೆಗೆ ಹೋಗಿ, ಸುಳ್ಳುಸುದ್ದಿ ಗುರುತಿಸುವುದು ಹೇಗೆ ಎಂದು ಸುಮಾರು ಒಂದು ಗಂಟೆ ಕಲಿಸುವ ಪ್ರಯೋಗ ನಡೆಸಿದರು. ಒಟ್ಟಾರೆ ಫಲ ಕಾಣಲಿಲ್ಲ. ಬಿಜೆಪಿ ಬೆಂಬಲಿಗರಲ್ಲಿ, ತಮ್ಮ ನಿಲುವಿಗೆ ಹೊಂದುವ ಸುಳ್ಳುಗಳನ್ನು ಗುರುತಿಸುವ ಶಕ್ತಿ ಪಾಠದ ನಂತರ ಕುಗ್ಗಿತ್ತು. ಇದು ಆ ಒಂದು ಪಕ್ಷದವರ ಜಾಯಮಾನ ಎಂದು ಇಲ್ಲಿ ಯಾರಿಗಾದರೂ ಖುಷಿಯಾದರೆ, ಹಿಂದಿನ ಪುಟಗಳ ಅಮೆರಿಕನ್ ಉದಾರವಾದಿಗಳನ್ನೂ ಕಲ್ಕತ್ತೆಯ ಎಡಪಂಥೀಯರನ್ನೂ ನೆನಪಿಸಿಕೊಳ್ಳಬಹುದು. ಅಮೆರಿಕದ 1988ರ ಸಮೀಕ್ಷೆಯೊಂದರ ಅಂಕಿಯೂ ನನಗೆ ಬಹಳ ಇಷ್ಟ. ರೇಗನ್ ಆಡಳಿತದ ಎಂಟು ವರ್ಷಗಳಲ್ಲಿ ಅಮೆರಿಕದ ಹಣದುಬ್ಬರ ಶೇ 13ರ ಆಸುಪಾಸಿನಿಂದ ಶೇ 4ರ ಹತ್ತಿರಕ್ಕೆ ಇಳಿದಿತ್ತು. ಎದುರು ಪಕ್ಷದ ಕಟ್ಟಾ ಬೆಂಬಲಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದು ಏರಿದೆ ಎಂದರು. ದಿನಾ ಅಂಗಡಿಯಲ್ಲಿ ದುಡ್ಡು ಎಣಿಸಿ ಕೊಡುವವರು ಅವರು!

ಹಾಗಾದರೆ ದೇಶದ ಹಿತ ಎಂಬುದೇ ಇಲ್ಲವೇ? ಅಲ್ಲಿಗೆ ಹೋಗಲು ನನಗೆ ಮನಸ್ಸಿಲ್ಲ. ಹಣದುಬ್ಬರ ಇಳಿದದ್ದು ಇಳಿದದ್ದೇ. ಅದನ್ನು ಒಳಗೊಳಗೆ ಬಲ್ಲವರೂ ಬಾಯಿಬಿಡದಿರಬಹುದು ಎಂಬುದಕ್ಕೆ ಸುಳಿವಿದೆ: ಸರಿಯುತ್ತರಕ್ಕೆ ಸಣ್ಣ ಮೊತ್ತ ಕೊಡುತ್ತೇವೆ ಎಂದಾಗ ಇಂಥ ಪ್ರಶ್ನೆಗಳಲ್ಲಿ ಪಕ್ಷಗಳ ನಡುವಿನ ಅಂತರ ಕಿರಿದಾಗುತ್ತದೆ ಎಂದು ಅಮೆರಿಕದ ರಾಜಕೀಯ ವಿಜ್ಞಾನಿಗಳು ತೋರಿಸಿದ್ದಾರೆ. ಸಾಕ್ಷಿಕಟ್ಟೆಯಲ್ಲಿ ಒಂದು ಮಾತು, ಚಹಾದಂಗಡಿಯಲ್ಲಿ ಒಂದು ಮಾತು.

ಇನ್ನೊಂದು ಫಲಿತಾಂಶ ನಮ್ಮ ಕಡೆಯ ಭಾಷಣಗಳಿಗೆ ತದ್ವಿರುದ್ಧ. ಮುಮ್ಮೆಂಡೈ ಬಳಗದ ಸ್ವೆನ್ ವಾಲ್ಡ್ಸುಸ್ ಮತ್ತಿತರರು ಜರ್ಮನರ ಮನಸ್ಸಿನಲ್ಲಿ ಪೋಲೆಂಡಿನವರ ಬಗ್ಗೆ ಏನಿದೆ ಎಂದು ನೋಡಿದರು. ಯುರೋಪಿನ ಏಕತೆಯ ಬಗ್ಗೆ ಯೋಚಿಸಿ ಎಂದು ಕೆಲವರಿಗೆ, ಅದರ ವೈವಿಧ್ಯದ ಬಗ್ಗೆ ಯೋಚಿಸಿ ಎಂದು ಕೆಲವರಿಗೆ ಹೇಳಿದರು. ‘ನಾವೇ ಮಾದರಿ ಯುರೋಪಿಯನ್ನರು’ ಎಂಬ ಭಾವನೆ ವೈವಿಧ್ಯವನ್ನು ನೆನೆದವರಲ್ಲಿ ಕಡಿಮೆ ಇತ್ತು. ಏಕತೆ ಎಂದೊಡನೆ ಮನಸ್ಸಿಗೆ ಒಂದೇ ಮುಖ ಬೇಕಾಗುತ್ತದೆ, ಹತ್ತಿರದ ಮುಖ ಯಾರದೆಂದು ಆಗಲೇ ನೋಡಿದೆವು.

2024ರ ಜುಲೈನಲ್ಲಿ, ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಕರ್ನಾಟಕದ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮದವರ ಗದ್ದಲಕ್ಕೆ ಒಂದೆರಡು ದಿನಗಳಲ್ಲೇ ಅದನ್ನು ತಡೆಹಿಡಿಯಿತು. ಆ ಸಂಜೆ ಮೈಸೂರಿನಿಂದ ಅಣ್ಣನ ಫೋನು ಬಂತು.

“ನಾಡಿನ ಹಿತದ ಪ್ರಶ್ನೆ ಕಣೋ ಇದು. ದುಡ್ಡಿನವರ ಮುಂದೆ ಮಂಡಿಯೂರಿಬಿಟ್ಟರಲ್ಲ?”

“ಎಲ್ಲಾ ರಾಜ್ಯಗಳೂ ಹೀಗೇ ಬಾಗಿಲು ಹಾಕ್ಕೊಂಡರೆ ದೇಶದ ಗತಿ ಏನಣ್ಣ? ದೇಶದ ಹಿತ ನೋಡಬೇಡವೇ?” ಎಂದೆ. ಎಂದೂ ಏರದ ನನ್ನ ದನಿ ಅಂದು ಏರಿತ್ತು. ಅವನು ನಾಡು ಎಂದಾಗಲೆಲ್ಲ ನಾನು ದೇಶ ಎನ್ನುತ್ತಿದ್ದೆ. ಹತ್ತು ನಿಮಿಷ ಹೀಗೇ ನಡೆಯಿತು.

ಫೋನಿಟ್ಟು ಕುಡಿಕೆಯನ್ನು ಬುಟ್ಟಿಗೆ ಎಸೆಯುವಾಗ ನೆನಪಾಯಿತು. ಅಣ್ಣನ ಮಗನಿಗೆ ಅದು ಇಂಜಿನಿಯರಿಂಗ್‌ನ ಕೊನೆಯ ವರ್ಷ. ನನ್ನ ಕೆಲಸ ಕೋಲ್ಕತ್ತದಲ್ಲಿ.